ಗೋಡೆಯ ನಕ್ಷೆಯಲ್ಲಿ ನಮ್ಮ ಓಣಿ ಯಾವುದು?

ಬಳ್ಳಾರಿಯ ಕೌಲ್ ಬಜಾರ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಊರಿನ ಕರಡು ಯೋಜನೆ ಬಂದಿದೆ, ನೋಡಿ ಅಭಿಪ್ರಾಯ ತಿಳಿಸಿ ಅಂತ ಪೇಪರಿನಲ್ಲಿ ಹಾಕಿದ್ದರು. ಹೋದೆ. ಗೋಡೆಗೆ ಬಣ್ಣದ ನಕ್ಷೆ ಅಂಟಿಸಿದ್ದರು. ನಮ್ಮ ಓಣಿ ಯಾವುದು ಅಂತಲೇ ತಿಳಿಯಲಿಲ್ಲ. ಎಲ್ಲ ಮೊದಲೇ ಮಾಡಿಟ್ಟು ನಮ್ಮನ್ನು ಕೇಳುವ ನಾಟಕ ಯಾಕೆ?"

ಅಕ್ಕಾರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ. ಬಿಸಿಲಲ್ಲಿ ಆಟೋ ಹಿಡಿದು ಹೋದವರಿಗೆ ಒಬ್ಬರಾದರೂ ನಕ್ಷೆ ಓದಿ ಹೇಳಬೇಕಿತ್ತು. ಆದರೆ ಎಲ್ಲ ಮುಗಿದಿದೆ ಅಂದುಕೊಳ್ಳಬೇಡಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ, ಮಾಸ್ಟರ್ ಪ್ಲಾನ್, ಅಂದರೆ ನೀವು ನೋಡಿದಂಥ ಊರಿನ ಯೋಜನೆ, ಪ್ರಕಟವಾದ ಮೇಲೆ 60 ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಕೊಡಬಹುದು. ಅದು ಬರಹದಲ್ಲಿರಬೇಕು. ಅದನ್ನು ನೋಡಿಯೇ ಯೋಜನೆ ಮಾಡುವ ಪ್ರಾಧಿಕಾರ ಅದನ್ನು ಮತ್ತೆ ಸರ್ಕಾರಕ್ಕೆ ಕಳಿಸಬೇಕು. ಅಲ್ಲಿ ಕೊನೆಯ ಒಪ್ಪಿಗೆ ಬಿದ್ದರೆ, ಮುಂದಿನ ಪರಿಷ್ಕರಣೆಗೆ 10 ವರ್ಷ ಕಾಯಬೇಕಾಗಬಹುದು.

ನಾನೂ ಒಮ್ಮೆ ನಮ್ಮ ಬಡಾವಣೆ ಬಗ್ಗೆ ಮೂರು ಪುಟ ಬರೆದಿದ್ದೆ. ಊರಿನ ಇತಿಹಾಸ, ಜನರ ಕಷ್ಟ, ಕೋಟೆ ಗುಡ್ಡದ ಚೆಂದ, ಎಲ್ಲ ಇತ್ತು. ಸಂಪಾದಕ ಅಲ್ವಾ! "ಪರಿಶೀಲಿಸಲಾಗಿದೆ" ಅಂತ ಒಂದು ಸಾಲಿನ ಉತ್ತರ ಬಂತು. ಅದೇ ಓಣಿಯಲ್ಲಿ ಜೀನ್ಸ್ ಹೊಲಿಯುವವರೊಬ್ಬರು ನಾಲ್ಕೇ ಸಾಲು ಬರೆದಿದ್ದರು. ಜಾಗದ ಟಿ.ಎಸ್. ನಂಬರ್ (ಟೌನ್ ಸರ್ವೆ ನಂಬರ್) ಹಾಕಿದ್ದರು. ನಕ್ಷೆಯಲ್ಲಿ ರಸ್ತೆ ಅಂತ ಗೆರೆ ಎಳೆದ ಕಡೆ ಚರಂಡಿ ಇದೆ, ನೀರಿನ ಟ್ಯಾಂಕರ್ ಅಲ್ಲಿ ತಿರುಗಲ್ಲ, ಹಿಂದಿನ ಓಣಿಯಲ್ಲಿ ಜಾಗ ಇದೆ ಅಂತ ಬರೆದು ಎರಡು ಫೋಟೊ ಅಂಟಿಸಿದ್ದರು. ಮುಂದಿನ ವಾರ ಟೇಪು ಹಿಡಿದು ಇಬ್ಬರು ಅಳೆಯೋಕೆ ಬಂದರು. ನನ್ನ ಮೂರು ಪುಟ ಯಾವ ಫೈಲಿನಲ್ಲಿದೆಯೋ!

ನೀವೂ ಹಾಗೇ ಬರೆಯಿರಿ. ನಂಬರ್ ನಿಮ್ಮ ಮನೆ ಪತ್ರದಲ್ಲೇ ಸಿಗುತ್ತೆ. ನಕ್ಷೆಯಲ್ಲಿ ಹಳದಿ ಅಂದರೆ ವಾಸದ ಜಾಗ, ನೀಲಿ ವ್ಯಾಪಾರದ್ದು, ನೇರಳೆ ಕೈಗಾರಿಕೆಯದ್ದು, ಹಸಿರು ಪಾರ್ಕು. ನಿಮ್ಮ ಕಡೆ ಮನೆಮನೆಯಲ್ಲೂ ಹೊಲಿಗೆ ಮಷೀನು ಓಡುತ್ತಿದೆ ಅಂತ ಬರೆದಿದ್ದೀರಿ. ಹಳದಿ ಬಳಿದವರಿಗೆ ಆ ಸದ್ದು ಕೇಳಿಸಿರಲ್ಲ. ಎಷ್ಟು ಮನೆ, ಎಷ್ಟು ಮಷೀನು, ಬಟ್ಟೆ ಗಂಟು ಹೊತ್ತ ಗಾಡಿ ಎಲ್ಲಿ ನಿಲ್ಲುತ್ತೆ, ಎಲ್ಲ ಎಣಿಸಿ ಬರೆಯಿರಿ. ಬಟ್ಟೆಗೆ ಬಣ್ಣ ಹಾಕಿ ತೊಳೆಯೋದು ಬೇರೆ ಮಾತು. ಆ ನೀರು ಓಣಿ ಚರಂಡಿಗೆ ಬಿಡೋದು ಬೇಡ ಅಂತ ನೀವೇ ಬರೆದರೆ ನಿಮ್ಮ ಮಾತಿಗೆ ತೂಕ ಜಾಸ್ತಿ.

ಕನ್ನಡದಲ್ಲೇ ಬರೆಯಿರಿ. ಒಂದೇ ಪತ್ರಕ್ಕೆ ನೂರು ಸಹಿ ಹಾಕಿಸುವ ಬದಲು, ಹತ್ತು ಮನೆಯವರು ಅವರವರ ತೊಂದರೆ ಬೇರೆ ಬೇರೆ ಬರೆಯೋದು ಒಳ್ಳೆಯದು ಅಂತ ನನ್ನ ಅನಿಸಿಕೆ. ಸಭೆ ಕರೆದರೆ ಹೋಗಿ, ಆದರೆ ಅಲ್ಲಿ ಆಡಿದ್ದನ್ನೂ ಬರೆದು ಕೊಡಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟ ಮೇಲೆ ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ.

ಪ್ರಕಟಣೆ ಯಾವತ್ತು ಬಂತು ಅಂತ ನೀವು ಬರೆದಿಲ್ಲ. ಮೊದಲು ಆ ಪೇಪರ್ ಹುಡುಕಿ. 60 ದಿನದ ಲೆಕ್ಕ ಪ್ರಕಟಣೆಯ ದಿನದಿಂದಲೇ ಶುರು.