ಹಳದಿಯಾದ ಕೀಬೋರ್ಡ್, ಟಿವಿ ಗೇಮ್ ಬಿಳಿ ಮಾಡುವ ಬಗ್ಗೆ

ಮಾಷ್ಟ್ರೇ, ಫೋಟೋ ನೋಡಿದೆ. ಅಟ್ಟದಿಂದ ಇಳಿಸಿದ ಟಿವಿಎಸ್ ಗೋಲ್ಡ್ ಕೀಬೋರ್ಡ್, ಸಿಪಿಯು ಡಬ್ಬದ ಮುಂಭಾಗ, ಮಗನಿಗೆ ಸೋದರಮಾವ ದುಬೈಯಿಂದ ತಂದುಕೊಟ್ಟ ಟಿವಿ ಗೇಮ್, ಮೂರೂ ಹಳೇ ಪೋಸ್ಟ್‌ಕಾರ್ಡಿನ ಬಣ್ಣಕ್ಕೆ ತಿರುಗಿವೆ. ತಲೆಕೂದಲಿಗೆ ಹಾಕುವ ಕ್ರೀಮ್ ಬಳಿದು ಬಿಸಿಲಿಗಿಟ್ಟರೆ ಹೊಸದರ ಹಾಗಾಗುತ್ತದೆ ಅಂತ ವಿಡಿಯೋದಲ್ಲಿ ನೋಡಿದ್ದೀರಿ, ಮಾಡಲಾ ಅಂತ ಕೇಳಿದ್ದೀರಿ. ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬ್ಲೀಚಿಂಗ್ ಪೌಡರ್ ಅಂದಿದ್ದಾರೆ, ಇನ್ನೊಬ್ಬರು ತಿನ್ನರ್ ಅಂದಿದ್ದಾರೆ.

ತಿನ್ನರ್ ಹತ್ತಿರವೂ ತರಬೇಡಿ, ಆ ಪ್ಲಾಸ್ಟಿಕ್ ಕರಗಿ ಅಂಟಂಟಾಗುತ್ತದೆ. ಬ್ಲೀಚಿಂಗ್ ಪೌಡರ್ ಬಾವಿಗೇ ಇರಲಿ. ಕ್ರೀಮಿನಿಂದ ಕೆಲಸ ಆಗುತ್ತದೆ, ಸುಳ್ಳಲ್ಲ. ಆದರೆ ಮೊದಲ ಸಲ ಮಾಡುವವರು ಅದನ್ನು ಮುಟ್ಟಬಾರದು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ನನ್ನದೇ ಒಂದು ಕಥೆ ಇದೆ.

ಮೊದಲು ಅದು ನಿಜವಾಗಿ ಹಳದಿಯಾ, ಕೊಳೆಯಾ ನೋಡಿ. ಅರ್ಧಕ್ಕರ್ಧ ಸಲ ಕೊಳೆಯೇ. ಹಳೇ ಆಫೀಸಿನ ಕಂಪ್ಯೂಟರ್ ಆದರೆ ಬೀಡಿ ಹೊಗೆ, ಕೈಯ ಎಣ್ಣೆ, ಧೂಳು ಎಲ್ಲ ಸೇರಿ ಮೇಣದ ಹಾಗೆ ಕೂತಿರುತ್ತದೆ. ಸಿಪಿಯು ಮುಂಭಾಗ ಕಳಚಿ ಒಳಗಿನ ಬದಿ ನೋಡಿ, ಅಥವಾ ಸ್ಟಿಕ್ಕರ್ ಒಂದರ ಮೂಲೆ ಎಬ್ಬಿಸಿ ನೋಡಿ. ಅದೇ ಅಸಲು ಬಣ್ಣ. ನಂತರ ಪಾತ್ರೆ ತೊಳೆಯುವ ಸೋಪು, ಬಿಸಿ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಹಿಡಿದು ಸರಿಯಾಗಿ ಉಜ್ಜಿ ಒಣಗಿಸಿ. ಅಷ್ಟಕ್ಕೇ ಬಣ್ಣ ಬಂದರೆ ಮುಂದಿನದು ಏನೂ ಬೇಡ. ಬರದಿದ್ದರೂ ಈ ತೊಳೆಯುವ ಕೆಲಸ ಬಿಡುವಂತಿಲ್ಲ, ಎಣ್ಣೆ ಇದ್ದ ಜಾಗಕ್ಕೆ ಮದ್ದು ಹಿಡಿಯುವುದಿಲ್ಲ.

ಇನ್ನೊಂದು ಮಾತು. ಆ ಸಿಪಿಯು 386, 486 ಅನ್ನುವ ಹಳೇ ಚಿಪ್ಪುಗಳ ಕಾಲದ್ದಾದರೆ ಬಣ್ಣದ ಚಿಂತೆ ಬಿಟ್ಟು ಮೊದಲು ಒಳಗಿನ ಮದರ್‌ಬೋರ್ಡ್ ನೋಡಿ. ಆ ಕಾಲದ ಕೆಲವು ಬೋರ್ಡ್‌ಗಳಲ್ಲಿ ನೀಲಿ ಬಣ್ಣದ, ಪೀಪಾಯಿ ಆಕಾರದ ಸಣ್ಣ ಚಾರ್ಜಿಂಗ್ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ. ಅದು ಸೋರಿ ಹಸಿರು ಕಿಲುಬು ಹಿಡಿದು ತಾಮ್ರದ ಗೆರೆಗಳನ್ನೇ ತಿಂದುಬಿಡುತ್ತದೆ. ಇದ್ದರೆ ಇವತ್ತೇ ಕತ್ತರಿಸಿ ತೆಗೆಯಿರಿ. ಸೋರಿದ ಜಾಗಕ್ಕೆ ವಿನೆಗರ್ ಹಚ್ಚಿ ಉಜ್ಜಿ, ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಒಣಗಿಸಿ. ಹಳದಿ ಇನ್ನು ಹತ್ತು ವರ್ಷ ಕಾಯುತ್ತದೆ, ಆ ಬ್ಯಾಟರಿ ಕಾಯುವುದಿಲ್ಲ.

ಹಳದಿ ಯಾಕಾಗುತ್ತದೆ ಅಂತಲೂ ಕೇಳಿದ್ದೀರಿ. ಇವೆಲ್ಲ ಎಬಿಎಸ್ ಪ್ಲಾಸ್ಟಿಕ್. ಅದರಲ್ಲಿ ಬ್ಯುಟಾಡೈಯೀನ್ ಅನ್ನುವ ರಬ್ಬರ್ ಅಂಶ ಇರುತ್ತದೆ, ಬಿದ್ದರೆ ಒಡೆಯಬಾರದು ಅಂತ. ಗಾಳಿ, ಬೆಳಕು, ಶಾಖಕ್ಕೆ ಮೊದಲು ಕೆಡುವುದು ಅದೇ. ಬೆಂಕಿ ಹಿಡಿಯದಿರಲಿ ಅಂತ ಸೇರಿಸುತ್ತಿದ್ದ ಬ್ರೋಮಿನ್ ಇದಕ್ಕೆ ಕಾರಣ ಅಂತ ತುಂಬಾ ಜನ ಹೇಳುತ್ತಾರೆ, ಅದಕ್ಕೂ ಪಾಲಿದೆ, ಆದರೆ ಪೂರ್ತಿ ತಪ್ಪು ಅದರದ್ದೇ ಅಲ್ಲ. ಪ್ಲಾಸ್ಟಿಕ್ ಬೇರೆ ಬೇರೆ ಪಾಕದಲ್ಲಿ ಮಾಡಿದ್ದರೆ ಒಂದೇ ಡಬ್ಬದ ಎರಡು ಭಾಗ ಎರಡು ಬಣ್ಣವಾಗುತ್ತವೆ. ಸೂಪರ್ ನಿಂಟೆಂಡೊ ಅನ್ನುವ ಟಿವಿ ಗೇಮ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು, ಮೇಲಿನ ಅರ್ಧ ಹಳದಿ, ಕೆಳಗಿನದು ಹಾಗೇ ಬೂದು. ನಿಮ್ಮ ಟಿವಿ ಗೇಮಿನದೂ ಅದೇ ಕಥೆ. ಅದು ಇಷ್ಟು ವರ್ಷ ಅಟ್ಟದ ಕತ್ತಲೆಯಲ್ಲೇ ಇತ್ತಲ್ಲ ಅಂದಿರಿ. ಹಂಚಿನ ಕೆಳಗಿನ ಸೆಖೆ ಸಾಕು ಮಾಷ್ಟ್ರೇ, ಬಿಸಿಲೇ ಬೀಳಬೇಕಂತಿಲ್ಲ.

ಈಗ ನನ್ನ ಕಥೆ. ನಾನು ಮೊದಲು ಮಾಡಿದ್ದು ಇದೇ ಥರದ ಒಂದು ಟಿವಿ ಗೇಮಿನ ಮೇಲ್ಮುಚ್ಚಳ. 40 ವಾಲ್ಯೂಮ್ ಕೂದಲಿನ ಕ್ರೀಮ್, ಅಂದರೆ 12% ಹೈಡ್ರೋಜನ್ ಪೆರಾಕ್ಸೈಡ್ ಇರುವಂಥದ್ದು, ಮಂಗಳೂರಿನಿಂದ ತಂದು ಬ್ರಷ್ಷಿನಲ್ಲಿ ಬಳಿದೆ. ಮಾರ್ಚ್ ತಿಂಗಳು, ಹನ್ನೊಂದು ಗಂಟೆ ಬಿಸಿಲು. ಅಂಗಳದಲ್ಲಿ ಅಡಿಕೆ ಪಕ್ಕ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಊಟಕ್ಕೆ ಒಳಗೆ ಹೋದೆ. ಊಟ ಆದ ಮೇಲೆ ಸ್ವಲ್ಪ ಅಡ್ಡಾದೆ. ಎದ್ದು ಬಂದು ನೋಡುವಾಗ ಹಾಳೆ ಒಂದು ಬದಿ ಗಾಳಿಗೆ ಎದ್ದು ಕ್ರೀಮ್ ಒಣಗಿ ಪೊರೆ ಕಟ್ಟಿತ್ತು. ತೊಳೆದರೆ, ಬ್ರಷ್ಷು ಓಡಿದ ಕಡೆಯೆಲ್ಲ ಬಿಳಿ ಗೆರೆ, ನಡುವೆ ಹಳದಿ ಪಟ್ಟಿ. ಯಕ್ಷಗಾನದಲ್ಲಿ ರಾತ್ರಿಯಿಡೀ ಕುಣಿದ ಬಣ್ಣದ ವೇಷದ ಮುಖ ಬೆಳಗ್ಗೆ ಬೆವರಿಗೆ ಇಳಿದ ಹಾಗೆ ಕಾಣುತ್ತಿತ್ತು. ಆ ಗೆರೆ ಆಮೇಲೆ ಎಷ್ಟು ಸಲ ಮಾಡಿದರೂ ಪೂರ್ತಿ ಹೋಗಲಿಲ್ಲ, ಯಾಕೆಂದರೆ ಅತಿಯಾಗಿ ಬಿಳಿಚಿದ ಜಾಗವನ್ನು ಹಿಂದೆ ತರುವ ದಾರಿ ಇಲ್ಲ. ಆ ಮುಚ್ಚಳ ಈಗಲೂ ಶೆಡ್ಡಿನಲ್ಲಿದೆ, ಮೊಳೆ ಹಾಕಿಡಲು ಉಪಯೋಗಿಸುತ್ತೇನೆ.

ಅದಕ್ಕೇ ಹೇಳುವುದು, ಬಳಿಯುವುದು ಬೇಡ, ಮುಳುಗಿಸಿ. ಕಮ್ಮಿ ಸ್ಟ್ರಾಂಗ್, ಜಾಸ್ತಿ ಹೊತ್ತು.

ಬೇಕಾದದ್ದು ಮೆಡಿಕಲ್ಲಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯುವಾಗ ಬುಸುಬುಸು ನೊರೆ ಬರುತ್ತದಲ್ಲ, ಅದೇ. ಬಾಟಲಿ ಮೇಲೆ 6% ಅಥವಾ 20 ವಾಲ್ಯೂಮ್ ಅಂತ ಇರುತ್ತದೆ. 20 ವಾಲ್ಯೂಮ್ ಅಂದರೆ ಒಂದು ಲೀಟರ್ ದ್ರವ 20 ಲೀಟರ್ ಆಮ್ಲಜನಕ ಬಿಡುತ್ತದೆ ಅಂತ ಲೆಕ್ಕ. ಆ ಆಮ್ಲಜನಕವೇ ಹಳದಿಯ ಬಣ್ಣ ಕೊಡುವ ಅಂಶವನ್ನು ಮುರಿಯುವುದು. ಬಿಸಿಲಿನ ಯುವಿ ಕಿರಣ ಅಥವಾ ಶಾಖ ಅದನ್ನು ಚುರುಕು ಮಾಡುತ್ತದೆ. 2008ರ ಹೊತ್ತಿಗೆ ಹಳೇ ಅಮಿಗಾ ಕಂಪ್ಯೂಟರ್ ಹುಚ್ಚಿನವರೆಲ್ಲ ಸೇರಿ ಈ ಪಾಕ ಹದಕ್ಕೆ ತಂದು ರೆಟ್ರೋಬ್ರೈಟ್ ಅಂತ ಹೆಸರಿಟ್ಟರು. ಅವರ ಪಾಕದಲ್ಲಿ ಬಟ್ಟೆ ಕಲೆ ತೆಗೆಯುವ ಆಕ್ಸಿ ಪೌಡರ್ ಒಂದು ಚಿಟಿಕೆ ಇತ್ತು, ನಮ್ಮಲ್ಲಿ ವ್ಯಾನಿಶ್ ಅಂತ ಸಿಗುತ್ತದಲ್ಲ, ಆ ಜಾತಿಯದ್ದು. ನಾನು ಹಾಕುವುದಿಲ್ಲ. ನಮ್ಮ ಬಿಸಿಲಿಗೆ ಅದು ಬೇಡ.

6% ಇದ್ದದ್ದನ್ನು ಸರಿಪಾಲು ನೀರು ಸೇರಿಸಿ 3% ಮಾಡಿದರೂ ಕೆಲಸ ಆಗುತ್ತದೆ, ಎರಡು ದಿನ ಹಿಡಿಯುತ್ತದೆ ಅಷ್ಟೇ. ಸೇರಿಸುವ ನೀರು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಇರಲಿ. ನಮ್ಮಲ್ಲಿ ಕೆಲವು ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಜಾಸ್ತಿ, ಬಾಲ್ದಿಯಲ್ಲಿ ಕೆಂಪು ಕಲೆ ಕೂರುತ್ತದಲ್ವಾ, ಆ ಕಬ್ಬಿಣ ತಾಗಿದರೆ ಪೆರಾಕ್ಸೈಡ್ ಪ್ಲಾಸ್ಟಿಕ್ಕಿಗೆ ಕೆಲಸ ಮಾಡುವ ಮೊದಲೇ ಬರೀ ಗುಳ್ಳೆಯಾಗಿ ಮುಗಿದುಹೋಗುತ್ತದೆ.

ನಮ್ಮ ಕಡೆಯ ಕೃಷಿಕರಿಗೆ ಇಲ್ಲಿ ಎರಡು ಎಚ್ಚರಿಕೆ, ಇದು ವಿಡಿಯೋದಲ್ಲಿ ಯಾರೂ ಹೇಳುವುದಿಲ್ಲ. ಒಂದು, ಅಡಿಕೆಗೆ ಮದ್ದು ಬಿಡುವ ಡ್ರಮ್ಮು, ಬಾಲ್ದಿ, ಕೋಲು ಯಾವುದನ್ನೂ ಇದಕ್ಕೆ ತೆಗೆದುಕೊಳ್ಳಬೇಡಿ. ಆ ಮದ್ದಿಗೆ ಹಾಕುವ ಮೈಲುತುತ್ತಿನ ತಾಮ್ರವೂ ಕಬ್ಬಿಣದ ಹಾಗೇ ಪೆರಾಕ್ಸೈಡನ್ನು ಒಡೆಯುತ್ತದೆ, ಜೊತೆಗೆ ಸುಣ್ಣ ಬೇರೆ ಹಿಡಿದಿರುತ್ತದೆ. ಎರಡು, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆ್ಯಸಿಡ್ ಇರುವ ಶೆಡ್ಡಿನಲ್ಲಿ ಇದನ್ನು ಇಡಲೇಬೇಡಿ. ಎರಡೂ ಸೇರಿದರೆ ಪರ್ಫಾರ್ಮಿಕ್ ಆ್ಯಸಿಡ್ ಆಗುತ್ತದೆ, ಅದು ಸ್ಫೋಟಿಸುವ ಸಾಮಾನು. ಕೆಮಿಕಲ್ ಅಂಗಡಿಯಲ್ಲಿ 50% ಪೆರಾಕ್ಸೈಡ್ ಕ್ಯಾನ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿಯಾರು, ಅದೂ ಬೇಡ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಗೋಣಿ, ಮರದ ಹುಡಿಗೆ ಬಿದ್ದರೆ ಬೆಂಕಿ ಹಿಡಿಯಬಹುದು. 6% ಆದರೂ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ. ಉಳಿದದ್ದನ್ನು ಬಿಗಿಯಾಗಿ ಮುಚ್ಚಳ ಹಾಕಿ ಇಡಬೇಡಿ, ಗ್ಯಾಸ್ ತುಂಬಿ ಬಾಟಲಿ ಉಬ್ಬುತ್ತದೆ.

ಕೀಬೋರ್ಡಿನಿಂದ ಶುರು ಮಾಡಿ, ಅದು ಸುಲಭ. ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಕೊನೆಗೆ ಪಾಸ್ ಬ್ರೇಕ್ ಕೀ ಎಲ್ಲಿತ್ತು ಅಂತ ನನಗೇ ಫೋನ್ ಮಾಡುತ್ತೀರಿ. ಕೀಗಳನ್ನು ಸ್ಕ್ರೂ ಡ್ರೈವರಿನಲ್ಲಿ ಮೀಟಬೇಡಿ. ದಪ್ಪ ಪೇಪರ್ ಕ್ಲಿಪ್ಪನ್ನು ಯು ಆಕಾರಕ್ಕೆ ಬಗ್ಗಿಸಿ, ಎರಡು ತುದಿ ಕೊಕ್ಕೆ ಮಾಡಿ, ಕೀಯ ಎರಡು ಬದಿಗೆ ತೂರಿಸಿ ನೆಟ್ಟಗೆ ಮೇಲೆ ಎಳೆಯಿರಿ, ಟಪ್ ಅಂತ ಬರುತ್ತದೆ. ಸ್ಪೇಸ್ ಬಾರ್, ಎಂಟರ್ ಕೆಳಗೆ ತಂತಿ ಇದ್ದರೆ ಅವನ್ನು ನಿಧಾನ, ಒಂದು ಬದಿಯಿಂದ ಬಿಡಿಸಿ. ಕೀ ಮೇಲೆ ಅಂಟಿಸಿದ ಕನ್ನಡ ಸ್ಟಿಕ್ಕರ್ ಉಳಿಯುವುದಿಲ್ಲ, ಮೊದಲೇ ತೆಗೆದುಬಿಡಿ. ಅಚ್ಚಾದ ಅಕ್ಷರ ಮಸುಕಾಗುತ್ತದೋ ಇಲ್ಲವೋ ನೋಡಲು ಸ್ಕ್ರೋಲ್ ಲಾಕ್ ಕೀ ಒಂದನ್ನೇ ಮೊದಲ ದಿನ ಹಾಕಿ. ಹಾಳಾದರೂ ಯಾರಿಗೂ ನಷ್ಟವಿಲ್ಲ, ಅದನ್ನು ಒತ್ತಿದವರನ್ನು ನಾನಂತೂ ಕಂಡಿಲ್ಲ.

ಕೆಲವು ಹಳೇ ಕೀಬೋರ್ಡುಗಳಲ್ಲಿ ಸ್ಪೇಸ್ ಬಾರ್ ಮಾತ್ರ ಹಳದಿ, ಉಳಿದ ಕೀಗಳು ಬೆಳ್ಳಗೇ ಇರುತ್ತವೆ. ಆ ಕೀಗಳು ಪಿಬಿಟಿ ಅನ್ನುವ ಬೇರೆ ಪ್ಲಾಸ್ಟಿಕ್. ಸಂಶಯ ಇದ್ದರೆ ಒಂದು ಲೋಟ ನೀರಿಗೆ ಉಪ್ಪು ಕರಗದೆ ಉಳಿಯುವಷ್ಟು ಹಾಕಿ ಕಲಸಿ, ಕೀ ಅದ್ದಿ, ಒಳಗಿನ ಗಾಳಿ ಗುಳ್ಳೆ ಬಿಡಿಸಿ ನೋಡಿ. ಎಬಿಎಸ್ ತೇಲುತ್ತದೆ, ಪಿಬಿಟಿ ಮುಳುಗುತ್ತದೆ. ಮುಳುಗಿದ್ದಕ್ಕೆ ಸೋಪು ನೀರು ಸಾಕು.

ಎಲ್ಲ ಕೀಗಳನ್ನು ಅಗಲ ಬಾಯಿಯ ಗಾಜಿನ ಭರಣಿಗೆ ಹಾಕಿ ಮುಳುಗುವಷ್ಟು ಪೆರಾಕ್ಸೈಡ್ ಸುರಿಯಿರಿ. ಉಪ್ಪಿನಕಾಯಿ ಹಾಕಿದ್ದ ಭರಣಿ ಆದರೆ ಎಣ್ಣೆ ಜಿಡ್ಡು ಪೂರ್ತಿ ಹೋಗಿರಬೇಕು. ಮುಚ್ಚಳ ಸುಮ್ನೆ ಮೇಲಿಟ್ಟರೆ ಸಾಕು, ತಿರುಗಿಸಬೇಡಿ. ಅರ್ಧ ಗಂಟೆಯಲ್ಲಿ ಪ್ರತಿ ಕೀಯ ಹೊಟ್ಟೆಗೂ ಗುಳ್ಳೆ ತುಂಬಿ ಒಂದೊಂದೇ ಮೇಲೆ ಬರಲು ಶುರುವಾಗುತ್ತದೆ. ತೇಲಿದ ಕೀಯ ಮೇಲ್ಭಾಗ ಹೊರಗೆ ಉಳಿದರೆ ಅಲ್ಲಿ ಗೆರೆ ಬೀಳುತ್ತದೆ. ಹಾಗಾಗಿ ಪ್ರತಿ ಅರ್ಧ ಗಂಟೆಗೆ ಪ್ಲಾಸ್ಟಿಕ್ ಚಮಚದಲ್ಲಿ ತಿರುವಿ. ಬೆಳಗ್ಗೆ ಒಂಬತ್ತಕ್ಕೆ ಇಟ್ಟರೆ ಸಂಜೆ ನಾಲ್ಕಕ್ಕೆ ತೆಗೆದು ತೊಳೆದು ಒರೆಸಿ ನೋಡಿ. ಒದ್ದೆಯಿರುವಾಗ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಸಾಲದಿದ್ದರೆ ಮರುದಿನ ಹೊಸ ದ್ರವದಲ್ಲಿ ಮತ್ತೆ.

ಸಿಪಿಯು ಮುಂಭಾಗಕ್ಕೆ ಮಟ್ಟಸ ಅಡಿಯ ಪ್ಲಾಸ್ಟಿಕ್ ಟಬ್ ಬೇಕು. ಟಬ್ ತುಂಬಾ ಪೆರಾಕ್ಸೈಡ್ ಸುರಿಯಲು ಹೋದರೆ ಮೆಡಿಕಲ್ ಖಾಲಿಯಾಗುತ್ತದೆ. ಕಾಗೆ ಹೂಜಿಗೆ ಕಲ್ಲು ಹಾಕಿದ ಉಪಾಯವೇ ಇಲ್ಲೂ. ಕಲ್ಲಿನ ಬದಲು ನೀರು ತುಂಬಿಸಿ ಮುಚ್ಚಿದ ಬಾಟಲಿಗಳನ್ನು ಸುತ್ತ ಇಡಿ, ಮಟ್ಟ ತಾನೇ ಏರುತ್ತದೆ. ಮುರಕಲ್ಲು ಮಾತ್ರ ಹಾಕಬೇಡಿ, ಅದು ಕಬ್ಬಿಣದ ಗೂಡು. ಸ್ಕ್ರೂ, ಸ್ಪ್ರಿಂಗ್, ತಗಡು, ಎಲ್ಇಡಿ ತಂತಿ, ಲೋಗೋ ಎಲ್ಲ ಮೊದಲೇ ಕಳಚಿರಬೇಕು. ಕ್ಲಿಪ್ ಒತ್ತುವಾಗ ಹುಷಾರು. ಹಳದಿಯಾದ ಪ್ಲಾಸ್ಟಿಕ್ ಒಳಗೊಳಗೇ ಪೆಡಸಾಗಿರುತ್ತದೆ, ಬಿಳಿ ಮಾಡಿದರೆ ಬಣ್ಣ ಮಾತ್ರ ಬರುತ್ತದೆ, ಗಟ್ಟಿತನ ಬರುವುದಿಲ್ಲ. ಟಿವಿ ಗೇಮಿನ ಮೇಲಿನ ಭಾಗವೂ ಇದೇ ಟಬ್ಬಿಗೆ ಬಂದೀತು, ಆದರೆ ಬೇಗ ತೆಗೆಯಿರಿ. ಕೆಳಗಿನ ಅರ್ಧದ ಪಕ್ಕ ಇಟ್ಟು ಹೋಲಿಸುತ್ತಾ ಹೋಗಿ, ಅದಕ್ಕೆ ಸರಿಹೊಂದಿದ ಕೂಡಲೇ ನಿಲ್ಲಿಸಿ. ಇನ್ನೂ ಬಿಳಿಯಾಗಲಿ ಅಂತ ಬಿಟ್ಟರೆ ಸುಣ್ಣ ಹೊಡೆದ ಗೋಡೆಯ ಹಾಗಾಗುತ್ತದೆ.

ಮಳೆಗಾಲ ಶುರುವಾಯಿತಲ್ಲ, ಬಿಸಿಲಿಲ್ಲದಿದ್ದರೆ ಏನು ಮಾಡುವುದು ಅಂತ ಕೇಳುತ್ತೀರಿ ಅಂತ ಗೊತ್ತು. ಶಾಖದಿಂದಲೂ ಆಗುತ್ತದೆ. ಭರಣಿಯನ್ನು ಬಿಸಿ ನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು 50ರಿಂದ 60 ಡಿಗ್ರಿ ಒಳಗೆ ಹಿಡಿದಿಟ್ಟುಕೊಳ್ಳಿ. ಗಾಜು ಒಡೆಯದಂತೆ ಉಗುರು ಬಿಸಿಯಲ್ಲಿ ಇಳಿಸಿ ಆಮೇಲೆ ಬಿಸಿ ಏರಿಸಬೇಕು. ಅದಕ್ಕಿಂತ ಮೇಲೆ ಹೋದರೆ ತೆಳು ಪ್ಲಾಸ್ಟಿಕ್ ಸೊಟ್ಟಗಾಗುವ ಭಯ. ಸೀದಾ ಒಲೆ ಮೇಲೆ ಇಡಬೇಡಿ, ಕಿಟಕಿ ತೆರೆದಿರಲಿ. ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲೂ ಒಮ್ಮೆ ಇಟ್ಟು ನೋಡಿದ್ದೇನೆ. ಆ ಶೀಟಿನ ಕೆಳಗೆ ಶಾಖ ಧಾರಾಳ ಇರುತ್ತದೆ, ಕೆಲಸವೂ ಆಯಿತು, ಹೊರಗಿನ ಬಿಸಿಲಿಗಿಂತ ನಿಧಾನ. ಆದರೆ ನನ್ನ ಮಾತು ಕೇಳುವುದಾದರೆ ಈಗ ತೊಳೆದು ಒಣಗಿಸಿಡಿ, ಬಾಕಿ ಕೆಲಸ ಡಿಸೆಂಬರಿಗೆ. ಅಷ್ಟರಲ್ಲಿ ಅಂಗಳದಲ್ಲಿ ಅಡಿಕೆ ಕಾಯಲು ಹೇಗೂ ಕೂರುತ್ತೀರಿ.

ಇದು ಶಾಶ್ವತ ಅಲ್ಲ. ನಾನು ಮಾಡಿದ ಒಂದು ಕೀಬೋರ್ಡ್ ಮೂರು ವರ್ಷದಲ್ಲಿ ಮತ್ತೆ ಸ್ವಲ್ಪ ಅರಸಿನ ಬಣ್ಣಕ್ಕೆ ತಿರುಗಿದೆ. ಅಟ್ಟದ ಬದಲು ಕೆಳಗಿನ ಕೋಣೆಯ ಕಪಾಟಿನಲ್ಲಿ, ಕಿಟಕಿಯಿಂದ ದೂರ ಇಟ್ಟರೆ ಬಾಳಿಕೆ ಜಾಸ್ತಿ.

ಫೋಟೋದ ಮೂಲೆಯಲ್ಲಿ ಹಳೇ ಡಬ್ಬಾ ಮಾನಿಟರ್ ಕಂಡಿತು. ಅದನ್ನು ದಯವಿಟ್ಟು ಬಿಚ್ಚಬೇಡಿ. ಪ್ಲಗ್ ತೆಗೆದು ದಿನಗಳಾದರೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಗಟ್ಟಲೆ ವೋಲ್ಟ್ ಉಳಿದಿರಬಹುದು. ಟಿವಿ ರಿಪೇರಿ ಮಾಡುವವರ ಹತ್ತಿರ ಡಿಸ್ಚಾರ್ಜ್ ಮಾಡಿಸಿ ಕವರ್ ಕಳಚಿಸಿಕೊಳ್ಳಿ, ಇಲ್ಲವೇ ಹಳದಿಯಾಗಿಯೇ ಇರಲಿ.

ಭಾನುವಾರ ಬದಿಯಡ್ಕ ಪೇಟೆ ಕಡೆ ಬರುವುದಿದ್ದರೆ ಹೇಳಿ ಮಾಷ್ಟ್ರೇ, ಕೀ ಎಳೆಯುವ ತಂತಿ ನನ್ನ ಹತ್ತಿರ ಮಾಡಿಟ್ಟದ್ದು ಎರಡಿದೆ, ಒಂದು ಕೊಡುತ್ತೇನೆ. ಸ್ಕ್ರೋಲ್ ಲಾಕ್ ಹೇಗಾಯಿತು ಅಂತ ಫೋಟೋ ಹಾಕಿ.