ಏಳನೆಯ ಪುಟದಿಂದ ಶುರು ಮಾಡಿ

ಮಾನ್ಯ ಗುರುಗಳೇ, ನಮಸ್ಕಾರ.

ವಿಜಯಪುರದಿಂದ ನೀವು ಕಳಿಸಿದ ‘ಬೆಳ್ಳಿತೆರೆಯ ಮೇಲೆ ವಿಜ್ಞಾನ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಅಚ್ಚು ಹಾಕಲು ಬರುವುದಿಲ್ಲ. ಒಳಗೆ ಒಂದು ಒಳ್ಳೆಯ ಲೇಖನ ಸಿಕ್ಕಿಹಾಕಿಕೊಂಡಿದೆ, ಅದು ಹೊರಗೆ ಬರಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂಬತ್ತು ಪುಟಗಳಲ್ಲಿ ಹದಿನೇಳು ಚಿತ್ರಗಳ ಹೆಸರು ಬಂದಿವೆ. ಒಂದೊಂದಕ್ಕೂ ಬಿಡುಗಡೆಯಾದ ವರ್ಷ, ಗಳಿಸಿದ ಹಣ, ಕೊನೆಗೆ ‘ವಿಜ್ಞಾನವನ್ನು ಅದ್ಭುತವಾಗಿ ತೋರಿಸಿದೆ’ ಎಂಬ ಒಂದೇ ಮಾತು. ಏನು ತೋರಿಸಿದೆ, ಅದು ಎಷ್ಟು ಸರಿ ಎಂಬುದು ಎಲ್ಲೂ ಇಲ್ಲ. ಮಂಗಳಯಾನಕ್ಕೆ ತಗುಲಿದ 450 ಕೋಟಿ ರೂಪಾಯಿ ‘ಗ್ರಾವಿಟಿ’ ಚಿತ್ರದ ಖರ್ಚಿಗಿಂತ ಕಡಿಮೆ ಎಂದು ಮೊದಲ ಪುಟದಲ್ಲೇ ಬರೆದಿದ್ದೀರಿ. 2014ರಿಂದ ಎಲ್ಲರೂ ಬರೆಯುತ್ತ ಬಂದ ಮಾತು ಇದು. ಅದರಲ್ಲಿ ದುಡ್ಡಿನ ಲೆಕ್ಕವಿದೆ, ವಿಜ್ಞಾನವಿಲ್ಲ. ತೆಗೆದುಬಿಡಿ.

ಏಳನೆಯ ಪುಟದಲ್ಲಿ ಒಂದು ಪ್ಯಾರಾ ಇದೆ. ಗೋಲಗುಂಬಜದ ಪಿಸುಮಾತಿನ ಗ್ಯಾಲರಿಯಲ್ಲಿ ಮಕ್ಕಳನ್ನು ನಿಲ್ಲಿಸಿ ನೀವು ಕೇಳಿದ ಪ್ರಶ್ನೆ: ‘ಈ ಗುಮ್ಮಟದೊಳಗಿನ ಗಾಳಿಯನ್ನೆಲ್ಲ ತೆಗೆದರೆ ಆ ಕಡೆಯವರಿಗೆ ನಿಮ್ಮ ಮಾತು ಕೇಳಿಸೀತೇ?’ ಆಮೇಲೆ ಎರಡೇ ಸಾಲು ಬರೆದು ಮತ್ತೆ ಚಿತ್ರಗಳ ಪಟ್ಟಿಗೆ ಹೋಗಿಬಿಟ್ಟಿದ್ದೀರಿ. ಇದನ್ನು ಓದಿ ಬಹಳ ಸಂಕಟವಾಯಿತು, ಏಕೆಂದರೆ ಇಡೀ ಲೇಖನದಲ್ಲಿ ನೀವೊಬ್ಬರೇ ಬರೆಯಬಹುದಾದದ್ದು ಅದೊಂದೇ. ಅಲ್ಲಿಂದಲೇ ಶುರು ಮಾಡಿ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಪಿಸುಮಾತು ನಡುವಿನಿಂದ ನೇರ ಹೋಗುವುದಕ್ಕಿಂತ ದುಂಡುಗೋಡೆಯನ್ನು ಹಿಡಿದುಕೊಂಡು ಸಾಗುತ್ತದೆ. ಅರ್ಧ ಸುತ್ತು ಎಂದರೆ ಸುಮಾರು 60 ಮೀಟರ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ ಆಚೆ ಮುಟ್ಟಲು 0.18 ಸೆಕೆಂಡು ಸಾಕು. ಇಷ್ಟು ಲೆಕ್ಕ ಕೊಟ್ಟ ಮೇಲೆ ಗಾಳಿ ತೆಗೆಯಿರಿ. ಪಿಸುಮಾತು ಸತ್ತುಹೋಗುತ್ತದೆ, ಗೋಡೆಯೊಳಗಿನ ಕಂಪನ ಸಾಯುವುದಿಲ್ಲ. ಇದನ್ನು ತರಗತಿಯ ಮರದ ಬೆಂಚಿನ ಮೇಲೆ ತೋರಿಸಬಹುದು. ಒಂದು ತುದಿಗೆ ಕಿವಿ ಒತ್ತಿ, ಇನ್ನೊಂದು ತುದಿಯನ್ನು ಗೆಳೆಯ ಉಗುರಿನಿಂದ ಕೆರೆಯಲಿ. ಗಾಳಿಯಲ್ಲಿ ಕೇಳದ ಸದ್ದು ಕಟ್ಟಿಗೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಇಲ್ಲಿಂದ ಸಿನಿಮಾಕ್ಕೆ ಹೋಗಿ, ಅದೂ ಒಂದೇ ಸಿನಿಮಾಕ್ಕೆ. 2013ರ ‘ಗ್ರಾವಿಟಿ’ ನಿಮ್ಮ ಪಟ್ಟಿಯಲ್ಲೇ ಇದೆ. ಅದರಲ್ಲಿ ಹೊರಗೆ ಎಲ್ಲವೂ ಚೂರುಚೂರಾದರೂ ಸ್ಫೋಟದ ಸದ್ದು ಹಾಕಿಲ್ಲ. ಗಗನಯಾತ್ರಿ ಕೈಯಲ್ಲಿ ಹಿಡಿದ ಸಲಕರಣೆಯ ಅದುರು ಮಾತ್ರ ಕೈಗವಸು, ಸೂಟುಗಳನ್ನು ದಾಟಿ ಮಂದವಾಗಿ ಕೇಳುತ್ತದೆ. ನಿಮ್ಮ ಬೆಂಚಿನ ಪಾಠವೇ ಅಲ್ಲಿದೆ. ಅದೇ ಚಿತ್ರ ಕಕ್ಷೆಯ ವಿಷಯದಲ್ಲಿ ಪೂರ್ತಿ ತಪ್ಪು. ಗಗನಯಾತ್ರಿಗಳು ಹಬಲ್ ದೂರದರ್ಶಕದ ಬಳಿಯಿಂದ ಬೆನ್ನಿಗೆ ಕಟ್ಟಿದ ಯಂತ್ರದ ಬಲದಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಸೇರುತ್ತಾರೆ. ಹಬಲ್ ಕಕ್ಷೆ ಸಮಭಾಜಕಕ್ಕೆ 28.5 ಡಿಗ್ರಿ ಓರೆ, ನಿಲ್ದಾಣದ್ದು 51.6 ಡಿಗ್ರಿ. ಚಿತ್ರ ಬಂದಾಗ ಎತ್ತರದಲ್ಲೂ ನೂರು ಕಿಲೋಮೀಟರಿಗೂ ಮೇಲ್ಪಟ್ಟು ಅಂತರವಿತ್ತು. ಆ ಓರೆಯನ್ನು ಬದಲಿಸಲು ಸೆಕೆಂಡಿಗೆ ಕನಿಷ್ಠ 3 ಕಿಲೋಮೀಟರಿನಷ್ಟು ವೇಗ ಬದಲಾಗಬೇಕು. 1984ರಲ್ಲಿ ನಾಸಾ ಬಳಸಿದ ಬೆನ್ನಿನ ಯಂತ್ರ ಕೊಡಬಲ್ಲದ್ದು ಸೆಕೆಂಡಿಗೆ ಸುಮಾರು 25 ಮೀಟರ್. ಸದ್ದಿನಲ್ಲಿ ಅಷ್ಟು ಎಚ್ಚರ ವಹಿಸಿದವರು ಕಕ್ಷೆಯಲ್ಲಿ ಏಕೆ ಬಿಟ್ಟುಕೊಟ್ಟರು? ಎರಡೂ ಕಕ್ಷೆಗಳು ಬೇರೆ ಎಂದು ಒಪ್ಪಿದರೆ ಆ ಕಥೆಯೇ ನಡೆಯುವುದಿಲ್ಲ. ಈ ವಿಚಾರ ನಿಮ್ಮ ಲೇಖನಕ್ಕೆ ಬೇಕು. ಹದಿನೇಳು ಚಿತ್ರಗಳ ಹೊಗಳಿಕೆಗಿಂತ ಒಂದು ಚಿತ್ರದ ಒಂದು ಸರಿ, ಒಂದು ತಪ್ಪು ಓದುಗನನ್ನು ವಿಜ್ಞಾನದ ಹತ್ತಿರ ಕರೆದೊಯ್ಯುತ್ತದೆ.

ಇನ್ನು ತಪ್ಪುಗಳು. ‘ಚಂದ್ರನಲ್ಲಿ ಗುರುತ್ವವೇ ಇಲ್ಲದ್ದರಿಂದ’ ಎಂದು ಎರಡು ಕಡೆ ಬರೆದಿದ್ದೀರಿ. ವಿಜ್ಞಾನ ಕಲಿಸುವವರ ಕೈಯಿಂದ ಈ ವಾಕ್ಯ ಬರಬಾರದು. ಭೂಮಿಯ ಆರನೆಯ ಒಂದು ಭಾಗ ಅಲ್ಲಿದೆ. ಗೋಕಾಕ ಜಲಪಾತದ ಎತ್ತರ ಸುಮಾರು 52 ಮೀಟರ್. ಗಾಳಿಯ ತಡೆ ಬಿಟ್ಟರೆ ಅಲ್ಲಿ ಕಲ್ಲು ತಳ ಮುಟ್ಟಲು 3.3 ಸೆಕೆಂಡು ಬೇಕು. ಅಷ್ಟೇ ಎತ್ತರದಿಂದ ಚಂದ್ರನಲ್ಲಿ 8 ಸೆಕೆಂಡು. ನಿಧಾನ ಹೌದು, ಆದರೆ ಬಿದ್ದೇ ಬೀಳುತ್ತದೆ.

‘ಇಂಟರ್‌ಸ್ಟೆಲ್ಲರ್’ ಚಿತ್ರದ ಕಪ್ಪುಕುಳಿಗಾಗಿ ಭೌತವಿಜ್ಞಾನಿ ಕಿಪ್ ಥಾರ್ನ್ ಅವರಿಗೆ ನೊಬೆಲ್ ಬಂತು ಎಂದಿದ್ದೀರಿ. ಅವರಿಗೆ 2017ರಲ್ಲಿ ಬಂದದ್ದು ಗುರುತ್ವ ಅಲೆಗಳನ್ನು ಪತ್ತೆ ಹಚ್ಚಿದ್ದಕ್ಕೆ, ಅದೂ ಇನ್ನಿಬ್ಬರ ಜೊತೆಗೆ. ಆ ಚಿತ್ರಕ್ಕೆ ಅವರು ಸಮೀಕರಣ ಒದಗಿಸಿದ್ದು ನಿಜ, ಆ ಕೆಲಸದಿಂದ 2015ರಲ್ಲಿ ಒಂದು ಸಂಶೋಧನಾ ಪ್ರಬಂಧವೂ ಬಂತು. ನೀವು ಬಿಟ್ಟ ಸಂಗತಿ ಇನ್ನೂ ಚೆನ್ನಾಗಿದೆ. ಕಪ್ಪುಕುಳಿಯ ಸುತ್ತ ತಿರುಗುವ ಅನಿಲ ನಮ್ಮತ್ತ ಬರುವ ಬದಿಯಲ್ಲಿ ಹೆಚ್ಚು ಹೊಳೆಯಬೇಕು, ದೂರ ಸರಿಯುವ ಬದಿಯಲ್ಲಿ ಮಂಕಾಗಬೇಕು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ಚಿತ್ರದಲ್ಲಿ ಆ ವ್ಯತ್ಯಾಸವನ್ನು ಬಿಟ್ಟರು. 2019ರ ಏಪ್ರಿಲ್‌ನಲ್ಲಿ ಬಂದ ನಿಜವಾದ ಕಪ್ಪುಕುಳಿಯ ಚಿತ್ರದಲ್ಲಿ ಉಂಗುರದ ಒಂದು ಬದಿ ಎದ್ದು ಕಾಣುವಷ್ಟು ಹೊಳೆಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ‘ಏನು ವ್ಯತ್ಯಾಸ?’ ಎಂದು ಮಕ್ಕಳನ್ನೇ ಕೇಳಬಹುದು.

ಮಂಗಳನ ಬಿರುಗಾಳಿ ರಾಕೆಟ್ಟನ್ನು ಕೆಡವುತ್ತದೆ ಎಂಬುದನ್ನು ನಿಜವೆಂದೇ ನಂಬಿದ್ದೀರಿ. ಅಲ್ಲಿನ ಗಾಳಿಯ ಸಾಂದ್ರತೆ ನಮ್ಮದರ ಅರವತ್ತನೆಯ ಒಂದು ಪಾಲಿನಷ್ಟು. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಅಲ್ಲಿ ತಳ್ಳುವುದು ಇಲ್ಲಿ 13 ಕಿಲೋಮೀಟರ್ ವೇಗದ ಗಾಳಿ ತಳ್ಳಿದಷ್ಟೇ, ಜೋಳದ ಎಲೆ ಅಲುಗುವಷ್ಟು.

ಲೇಖನದ ಎರಡನೆಯ ಅರ್ಧಕ್ಕೆ ನನ್ನದೊಂದು ಸಲಹೆ ಇದೆ. ಮಕ್ಕಳಿಂದಲೇ ಚಂದ್ರನ ದೃಶ್ಯ ತೆಗೆಸಿ. ಮೊಬೈಲ್ ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 60 ಫ್ರೇಮು ಆರಿಸಿ, ಎರಡು ಮೀಟರ್ ಎತ್ತರದಿಂದ ಚೆಂಡು ಬಿಡುವುದನ್ನು ಚಿತ್ರಿಸಿ, ಎಡಿಟಿಂಗ್ ಆ್ಯಪಿನಲ್ಲಿ ವೇಗವನ್ನು 0.4ಕ್ಕೆ ಇಳಿಸಿ. ಇಲ್ಲಿ 0.64 ಸೆಕೆಂಡಿನಲ್ಲಿ ಬಿದ್ದ ಚೆಂಡು ತೆರೆಯ ಮೇಲೆ 1.6 ಸೆಕೆಂಡು ತೆಗೆದುಕೊಳ್ಳುತ್ತದೆ, ಚಂದ್ರನ ಮೇಲಿನ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. 0.4 ಎಲ್ಲಿಂದ ಬಂತು ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕು: ಚಂದ್ರನ ಗುರುತ್ವ 1.62ನ್ನು ನಮ್ಮ 9.8ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಮಂಗಳನಿಗಾದರೆ 0.6. ಕೆಡುವುದು ಎರಡು ಕಡೆ. ಕೋಣೆಯ ಮಂದ ಬೆಳಕಿನಲ್ಲಿ ಎಷ್ಟೋ ಫೋನುಗಳು ತಾವೇ 30 ಫ್ರೇಮಿಗೆ ಇಳಿದುಬಿಡುತ್ತವೆ, ಚಿತ್ರ ಎಗರೆಗರಿ ಬರುತ್ತದೆ; ಬಿಸಿಲಲ್ಲೇ ತೆಗೆಯಿರಿ. ಇನ್ನೊಂದು ಧೂಳು. ಒಂದು ಹಿಡಿ ಜೋಳದ ಹಿಟ್ಟು, ಒಂದು ಹಿಡಿ ದಪ್ಪ ಉಸುಕು ತೂರಿ ಚಿತ್ರಿಸಿ. ಹಿಟ್ಟು ಮೋಡದಂತೆ ತೇಲಿ ಗಾಳಿ ಇರುವುದನ್ನು ಹೇಳಿಬಿಡುತ್ತದೆ, ಉಸುಕು ಬಿಲ್ಲಿನಂತೆ ಬಾಗಿ ನೆಲ ಸೇರುತ್ತದೆ. 1972ರ ಅಪೊಲೊ 16ರ ಗಾಡಿಯ ಚಕ್ರದಿಂದ ಎದ್ದ ನುಣುಪು ಧೂಳೂ ಹೀಗೆ ಬಾಗಿಯೇ ಬಿತ್ತು, ಏಕೆಂದರೆ ಅಲ್ಲಿ ಅದನ್ನು ತೇಲಿಸುವ ಗಾಳಿ ಇರಲಿಲ್ಲ. ಇದನ್ನು ಮಾಡಿ ನೋಡಿದ ಹುಡುಗಿ ಮುಂದೆ ಯಾವ ಚಂದ್ರನ ಸಿನಿಮಾ ನೋಡಿದರೂ ಮೊದಲು ಧೂಳನ್ನೇ ನೋಡುತ್ತಾಳೆ.

‘ಇಂಥ ಚಿತ್ರ ನೋಡಿಯೇ ಲಕ್ಷಾಂತರ ಮಕ್ಕಳು ವಿಜ್ಞಾನಿಗಳಾಗಿದ್ದಾರೆ’ ಎಂಬ ಸಾಲು ಹೋಗಬೇಕು. ಲಕ್ಷ ಎಂದು ಎಣಿಸಿದವರು ಯಾರು? ಒಬ್ಬರ ಹೆಸರು ಹೇಳಿ ಸಾಕು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೇ ಜೆಮಿಸನ್ ಚಿಕ್ಕಂದಿನಲ್ಲಿ ಟಿವಿಯ ‘ಸ್ಟಾರ್ ಟ್ರೆಕ್’ ನೋಡಿದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಅಲ್ಲಿಗೆ ಹೋಗುವ ಮೊದಲು ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಎರಡನ್ನೂ ಓದಿದ್ದರು. ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಹುಡುಗನಾಗಿದ್ದಾಗ, 1898ರಲ್ಲಿ, ಮಂಗಳವಾಸಿಗಳ ದಾಳಿಯ ಕಾದಂಬರಿ ಓದಿದರು. ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದ್ದು 1926ರ ಮಾರ್ಚ್ 16ಕ್ಕೆ, ಅದು ಏರಿದ್ದು ಸುಮಾರು 12 ಮೀಟರ್. ಕಥೆ ಕಿಡಿ ಹಚ್ಚಿತು ಎಂದು ಬರೆಯುವವರು ನಡುವಿನ ಇಪ್ಪತ್ತೆಂಟು ವರ್ಷವನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.

ನಿಮ್ಮ ತರಗತಿಯಿಂದಲೇ ಆಧಾರ ಬೇಕಿದ್ದರೆ ನಾಲ್ಕು ನಿಮಿಷದ ಒಂದು ದೃಶ್ಯ ತೋರಿಸಿ, ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿ. ‘ಇಷ್ಟವಾಯಿತೇ?’ ಎಂದು ಕೇಳಬೇಡಿ, ಗುರುಗಳು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಹೇಗೆ’, ‘ಏಕೆ’, ‘ಎಷ್ಟು’ ಎಂದು ಶುರುವಾಗುವ ಚೀಟಿಗಳನ್ನು ಬೇರೆ ಎತ್ತಿಡಿ. ಅವುಗಳಲ್ಲಿ ಮೂರನ್ನು ಮಕ್ಕಳ ಮಾತಿನಲ್ಲೇ, ತಿದ್ದದೆ, ಲೇಖನಕ್ಕೆ ಹಾಕಿ.

ಒಟ್ಟು 900 ಪದ ಮೀರದಿರಲಿ. ಗೋಲಗುಂಬಜಕ್ಕೆ ಮತ್ತೊಮ್ಮೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಜನರ ಕೂಗಾಟ ಶುರುವಾದ ಮೇಲೆ ಪಿಸುಮಾತು ಕೇಳಿಸುವುದಿಲ್ಲ. ಸಿನಿಮಾದ ಪೋಸ್ಟರು ಕಳಿಸಬೇಡಿ. ಹಿಟ್ಟು ಮತ್ತು ಉಸುಕಿನ ವಿಡಿಯೊದಿಂದ ಎರಡೆರಡು ಫ್ರೇಮು ತೆಗೆದು, ಮಕ್ಕಳ ಮುಖ ಕಾಣದಂತೆ, ಲೇಖನದ ಜೊತೆ ಕಳಿಸಿ.

ಸಂಪಾದಕ
ಬೆಳಗಾವಿ