ಕಾವೇರಿ ನೀರಿನ ಬಗ್ಗೆ ಆನ್‌ಲೈನ್ ವಾದಗಳು ಪ್ರತಿ ಬಾರಿ ಬೈಗುಳದಲ್ಲೇ ಮುಗಿಯುವುದೇಕೆ?

ಎರಡೂ ಕಡೆಯವರು ಬೇರೆ ಬೇರೆ ಲೆಕ್ಕ ಹಿಡಿದುಕೊಂಡು ಜಗಳಕ್ಕೆ ನಿಲ್ಲುವುದೇ ಮುಖ್ಯ ಕಾರಣ. "ತಮಿಳುನಾಡಿಗೆ 404.25 ಟಿಎಂಸಿ, ನಮಗೆ ಬರೀ 284.75, ಇದ್ಯಾವ ನ್ಯಾಯ?" ಎಂಬ ಮಾತನ್ನೇ ತೆಗೆದುಕೊಳ್ಳಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಈ ಅಂಕಿಗಳು ಸರಿಯೇ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು). ಆದರೆ 404.25 ಎಂಬುದು ತಮಿಳುನಾಡಿನ ಒಟ್ಟು ಪಾಲು. ಅಲ್ಲಿಯೇ ಸುರಿಯುವ ಮಳೆಯ ನೀರೂ ಅದರಲ್ಲಿ ಸೇರಿದೆ. ಕರ್ನಾಟಕ ಗಡಿಯಲ್ಲಿ ನೀರು ಅಳೆಯುವ ಜಾಗವಾದ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದದ್ದು 177.25 ಟಿಎಂಸಿ. ಅದೂ ಸಾಮಾನ್ಯ ಮಳೆಯ ವರ್ಷದಲ್ಲಿ.

ಮಳೆ ಕೈಕೊಟ್ಟ ವರ್ಷವೇ ನಿಜವಾದ ಸಮಸ್ಯೆ. ಕೊರತೆಯನ್ನು ಪಾಲಿಗೆ ತಕ್ಕಂತೆ ಹಂಚಿಕೊಳ್ಳಬೇಕು ಎಂಬ ತತ್ವವೇನೋ ಇದೆ. ಆದರೆ ಆಗಸ್ಟ್ ಒಂದರಲ್ಲೇ 45.95 ಟಿಎಂಸಿ ಬಿಡಬೇಕೆಂಬ ವೇಳಾಪಟ್ಟಿ ಇರುವಾಗ, 2023ರಂತೆ ಆಗಸ್ಟ್ ಒಣಗಿಹೋದರೆ ಮಂಡ್ಯದ ಕಬ್ಬು, ಭತ್ತಕ್ಕೂ ತಂಜಾವೂರಿನ ಕುರುವೈ ಎಂಬ ಅಲ್ಪಾವಧಿ ಭತ್ತದ ಬೆಳೆಗೂ ಒಟ್ಟಿಗೇ ನೀರು ಬೇಕಾಗುತ್ತದೆ. ತಂಜಾವೂರಿನ ಕಡೆ ಹೆಚ್ಚಿನ ಮಳೆ ಬರುವುದು ಅಕ್ಟೋಬರ್ ನಂತರ. ಅಲ್ಲಿನ ರೈತನ ಆತಂಕ ನಾಟಕವಲ್ಲ, ನಮ್ಮ ರೈತನ ಸಿಟ್ಟೂ ನಾಟಕವಲ್ಲ. ಇಬ್ಬರ ಭಾಷೆಯನ್ನು ಹೀಯಾಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರಿಂದ ಒಂದು ಗದ್ದೆಗೂ ನೀರು ಹರಿಯುವುದಿಲ್ಲ.

ಹಾಗಾಗಿ ಯಾರಾದರೂ ಅಂಕಿ ಎಸೆದರೆ ಮೊದಲು ಕೇಳಿ: ಇದು ಒಟ್ಟು ಪಾಲೋ, ಗಡಿಯಲ್ಲಿ ಅಳೆದದ್ದೋ? ಯಾವ ತಿಂಗಳದ್ದು? ಅಂದು ಕೆಆರ್‌ಎಸ್‌ನ ಗರಿಷ್ಠ ಮಟ್ಟವಾದ 124.80 ಅಡಿಯಲ್ಲಿ ನೀರು ಎಷ್ಟಿತ್ತು, ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನಲ್ಲಿ ಎಷ್ಟಿತ್ತು?